ಶಾವಿಗೆಮನೆಯ ಏಳು ಗೂಟಗಳು

ಶಾವಿಗೆಮನೆ, ಸಣ್ಣಕೊಪ್ಪ
ಕ್ರಿಸ್ತಶಕ ೨೨೯೧, ತೆರಪು ತಿಂಗಳ ಮೂವತ್ತೆಂಟನೆಯ ದಿನ

ನಿಂಬೆವ್ವನವರಿಗೆ, ಗಾಳಿಕಾರ ಮೈಲಾರಪ್ಪನ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಹುಬ್ಬೇರಿಸಬೇಡಿ. ಯಾವ ತಿಂಗಳಿಗೂ ಮೂವತ್ತೆಂಟನೆಯ ದಿನ ಇರುವುದಿಲ್ಲವೆಂದು ನಿಮಗೆ ಗೊತ್ತು. ನಿಮ್ಮ ನಂತರದವರಿಗೆ ಅದು ಬೇಕಾಯಿತು. ನಮ್ಮ ವರ್ಷದಲ್ಲಿ ಆಕಾಶ ತೆರೆದುಕೊಳ್ಳುವುದು ನಲವತ್ತೇ ದಿನ. ಆ ನಲವತ್ತನ್ನು ಒಟ್ಟುಗೂಡಿಸಿ ತೆರಪು ಎಂದು ಹೆಸರಿಟ್ಟಿದ್ದೇವೆ. ಉಳಿದದ್ದಕ್ಕೆಲ್ಲ ಬೇರೆ ಬೇರೆ ಹೆಸರಿಡುವ ಉತ್ಸಾಹ ಯಾರಿಗೂ ಇರಲಿಲ್ಲ, ಎಲ್ಲವನ್ನೂ ಮೊಬ್ಬು ಎಂದೇ ಕರೆಯುತ್ತೇವೆ. ನನ್ನ ಬರವಣಿಗೆ ವಿಚಿತ್ರವಾಗಿ ಕಂಡರೆ ಅದನ್ನೂ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವನು. ಎಲ್ಲೋ ಒಂದು ಕಡೆ ಮದುವೆ ಕರೆಯೋಲೆಯ ಮಾತನ್ನು ಸಾವಿನ ಸುದ್ದಿಗೆ ಬಳಸಿದ್ದರೂ ಬಳಸಿರಬಹುದು. ಇನ್ನೊಂದು ಮಾತು: ನಾವು ನಿಮ್ಮನ್ನು ನಿಂಬೆಜ್ಜಿ ಎನ್ನುತ್ತೇವೆ. ನೀವು ಗಾಳಿಯ ಲೆಕ್ಕ ಬರೆದಾಗ ನಿಮಗೆ ನಲವತ್ತೊಂದು ವರ್ಷ, ನನಗೀಗ ಐವತ್ತಾರು. ಆದರೂ ನೀವೇ ಅಜ್ಜಿ.

ಹಿಂದಕ್ಕೆ ಹೋಗುವ ಅಂಚೆ ನಮ್ಮಲ್ಲೂ ಇಲ್ಲ. ಈ ಕಾಗದ ನಿಮ್ಮ ಕೈ ಸೇರುವುದಿಲ್ಲವೆಂದು ನನಗೆ ಗೊತ್ತಿದೆ. ಆದರೆ ಯಾರ ವಸ್ತುವನ್ನು ಕೆಡಿಸಿದೆವೋ ಅವರಿಗೊಂದು ಕಾಗದ ಬರೆಯುವುದು ಸಣ್ಣಕೊಪ್ಪದ ಪದ್ಧತಿ. ಅವರು ಬದುಕಿದ್ದರೂ ಸರಿ, ಸತ್ತು ಎರಡೂವರೆ ನೂರು ವರ್ಷವಾಗಿದ್ದರೂ ಸರಿ. ನಾನು ಕೆಡಿಸಿದ್ದು ನಿಮ್ಮ ಗಾಳಿಯನ್ನು. ಕೆಡಿಸಿ ಹನ್ನೊಂದು ವರ್ಷವಾಯಿತು. ಕಾಗದ ಬರೆಯಲು ಇಷ್ಟು ತಡವಾದದ್ದಕ್ಕೆ ನನ್ನ ಹತ್ತಿರ ಕಾರಣ ಒಂದೇ, ಹೇಡಿತನ.

ನಿಮ್ಮ ಗಾಳಿ ನಮ್ಮ ಕೈಗೆ ಹೇಗೆ ಬಂತು ಎಂದು ಮೊದಲು ಹೇಳಬೇಕು. ನೀವು ಬೇಸಿಗೆಯಲ್ಲಿ ಊರಿನವರಿಗೆಲ್ಲ ಶಾವಿಗೆ ಹೊಸೆದು ಕೊಡುತ್ತಿದ್ದಿರಿ. ಒಂದು ಬೇಸಿಗೆ ಕಾಲು ಮುರಿದುಕೊಂಡು, ಪಟ್ಟಿ ಹಾಕಿದ ಕಾಲನ್ನು ಚಾಚಿಕೊಂಡು, ಮಾಳಿಗೆಯ ಮೇಲೆ ಶಾವಿಗೆ ಕಾಯಲು ಕುಳಿತಿರಿ. ಬೇಸರ ಕಳೆಯಲೆಂದೋ ಏನೋ, ನಿಮ್ಮ ಮಗಳ ಹಳೆಯ ನೋಟಬುಕ್ಕಿನಲ್ಲಿ ಗಾಳಿಯ ಲೆಕ್ಕ ಬರೆದಿರಿ. ಆ ನೋಟಬುಕ್ಕು ಕೈಯಿಂದ ಕೈಗೆ ದಾಟಿ ನಮ್ಮವರೆಗೂ ಬಂದಿದೆ. ಅದರ ಹಿಂಬದಿಯಲ್ಲಿ ಮಗ್ಗಿ ಇದೆ, ಏಳರ ಮಗ್ಗಿಯ ಮೇಲೆ ಎಣ್ಣೆಯ ಕಲೆ ಇದೆ. ಗಾಳಿಯನ್ನು ಅಳೆಯಲು ನಿಮ್ಮ ಹತ್ತಿರ ಏನೂ ಇರಲಿಲ್ಲ. ಗಳಕ್ಕೆ ಇಳಿಬಿಟ್ಟ ಶಾವಿಗೆ ಎಷ್ಟು ದೂರ ತೂಗಾಡುತ್ತದೆ ಎಂದು ಬೆರಳಿನಲ್ಲಿ ಅಳೆದು ಬರೆದಿರಿ. 'ಹತ್ತು ಗಂಟೆ, ಪಡುವಣ, ಎರಡು ಬೆರಳು.' 'ಹನ್ನೊಂದು, ತೆಂಕಣ, ಒಂದು ಗೇಣು, ಎರಡು ಎಳೆ ಹರಿದವು, ಕಾಗೆ ಒಯ್ದಿತು.' ಇವತ್ತಿಗೂ ನಾವು ಗಾಳಿಯನ್ನು ಬೆರಳಿನಲ್ಲೇ ಹೇಳುತ್ತೇವೆ. ಮೂರು ಬೆರಳು ಗಾಳಿ ಎಂದರೆ ಚಿಕ್ಕ ಮಕ್ಕಳಿಗೂ ಅರ್ಥವಾಗುತ್ತದೆ. ಅದು ನಿಮ್ಮ ಬೆರಳು ಎಂಬುದು ಮಾತ್ರ ಬಹಳ ಮಂದಿಗೆ ಮರೆತುಹೋಗಿದೆ.

ನಮ್ಮಲ್ಲಿ ಹೊರಗೆ ಗಾಳಿ ಇಲ್ಲ ನೋಡಿ. ಮೊಬ್ಬು ಬಂದು ಕುಳಿತರೆ ವರ್ಷದ ಉಳಿದ ದಿನವೆಲ್ಲ ಎಲೆ ಅಲ್ಲಾಡುವುದಿಲ್ಲ. ತೆರಪಿನಲ್ಲಿ ಬಿಸಿಲು ಬರುತ್ತದೆ, ಗಾಳಿ ಬರುವುದಿಲ್ಲ. ಒಗೆದ ಬಟ್ಟೆಯನ್ನು ಒಲೆಯ ಮೇಲೆ ಕಟ್ಟುತ್ತೇವೆ, ಉಪ್ಪನ್ನು ಬಿಸಿ ಬೂದಿಯಲ್ಲಿ ಹೂತಿಡುತ್ತೇವೆ, ಚಪ್ಪಲಿ ನಾಲ್ಕು ದಿನ ಮೆಟ್ಟದಿದ್ದರೆ ಹಸಿರಾಗುತ್ತದೆ. ಇಂಥ ಹವೆಯಲ್ಲಿ ಹಾಳಾಗದೆ ಉಳಿಯುವ ಊಟ ಶಾವಿಗೆ ಒಂದೇ. ಮೇಲ್ಸೀಮೆಯಿಂದ ಬರುವ ಗೋಧಿಯನ್ನು ತೆರಪಿನಲ್ಲಿ ಬೀಸಿ, ನಾದಿ, ಹೊಸೆದು, ಒಣಗಿಸಿ, ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಮೇಣ ಬಳಿದು ಅಟ್ಟಕ್ಕೆ ಏರಿಸುತ್ತೇವೆ. ಮೊಬ್ಬು ಕವಿದ ಮೊದಲ ದಿನವೇ ಆ ಮೇಣ ಒಡೆಯುವುದು. ಅದಕ್ಕೆ ಮೊದಲು ಒಡೆದರೆ ಒಳಗೆ ಅಷ್ಟು ದಿನ ಹೆಚ್ಚಿಗೆ ತೇವ ಹೋಗುತ್ತದೆ, ಆದ್ದರಿಂದ ಯಾರೂ ಒಡೆಯುವುದಿಲ್ಲ.

ಒಣಗಿಸುವ ಜಾಗವೇ ಶಾವಿಗೆಮನೆ. ಉದ್ದನೆಯ ಕಲ್ಲಿನ ಕಟ್ಟಡ, ಎರಡೂ ಬದಿಗೆ ಸಾಲಾಗಿ ಬಿದಿರಿನ ಗಳ, ನಡುವೆ ಆಳೆತ್ತರದ ಒಂದು ಕಂಬ. ಆ ಕಂಬಕ್ಕೆ ನಾಲ್ಕು ಬೀಸಣಿಗೆಗಳು, ಅಂದರೆ ನಿಮ್ಮ ಕಾಲದ ಫ್ಯಾನು, ಒಂದರ ಮೇಲೊಂದು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿವೆ. ಬೀಸಣಿಗೆಗಳು ತಿರುಗುತ್ತಿರುವಂತೆ ಕಂಬವೂ ನಿಧಾನವಾಗಿ ತಿರುಗುತ್ತದೆ. ಹಾಗಾಗಿ ಪ್ರತಿ ಗಳಕ್ಕೂ ಗಾಳಿ ಒಮ್ಮೆ ಎದುರಿನಿಂದ, ಒಮ್ಮೆ ಓರೆಯಾಗಿ, ಒಮ್ಮೆ ಬೆನ್ನ ಹಿಂದಿನಿಂದ ಬರುತ್ತದೆ. ಎಲ್ಲವನ್ನೂ ತಿರುಗಿಸುವುದು ಕೆರೆಯ ತೂಬಿನ ನೀರು. ಯಾವಾಗ ಎಷ್ಟು ನೀರು ಬಿಡಬೇಕು, ಎಂದರೆ ಎಷ್ಟು ಬೆರಳು ಗಾಳಿ ಬೀಸಬೇಕು ಎಂದು ನಿರ್ಧರಿಸುವುದು ಹಲ್ಲುಗಾಲಿ. ಅದು ಹಿಟ್ಟು ನಾದುವ ಪರಾತದಷ್ಟು ಅಗಲದ ಒಂದು ಮರದ ಗಾಲಿ. ದಿನಕ್ಕೆ ಒಂದು ಸುತ್ತು ಹಾಕುತ್ತದೆ. ಅದರ ಅಂಚಿನಲ್ಲಿ ಉದ್ದ ಹಲ್ಲು ಇದ್ದಲ್ಲಿ ಜೋರು ಗಾಳಿ, ಗಿಡ್ಡ ಹಲ್ಲು ಇದ್ದಲ್ಲಿ ಸಣ್ಣ ಗಾಳಿ. ಆ ಹಲ್ಲುಗಳೆಲ್ಲ ನಿಮ್ಮ ನೋಟಬುಕ್ಕಿನಿಂದ ಬಂದವು. ನನ್ನ ಮುತ್ತಜ್ಜಿ ನಿಮ್ಮ ಒಂದು ದಿನವನ್ನು ಆರಿಸಿಕೊಂಡು, ಗಂಟೆ ಗಂಟೆಗೆ ಅಳೆದು ಕೆತ್ತಿದಳು. ನಿಮ್ಮ ಮಾಳಿಗೆಯ ಮೇಲೆ ಬೀಸಿದ ಒಂದು ದಿನದ ಗಾಳಿ ಇಲ್ಲಿ ದಿನವೂ ಬೀಸುತ್ತಿದೆ.

ಆ ದಿನದಲ್ಲಿ ಏಳು ಸಾಲುಗಳನ್ನು ನೀವು ಖಾಲಿ ಬಿಟ್ಟಿದ್ದೀರಿ. ಗಂಟೆ ಬರೆದಿದ್ದೀರಿ, ಮುಂದೆ ಏನೂ ಬರೆದಿಲ್ಲ. ಮುತ್ತಜ್ಜಿ ಅಲ್ಲೆಲ್ಲ ಹಲ್ಲು ಕೆತ್ತದೆ ಬಿಟ್ಟಳು. ಹಾಗಾಗಿ ದಿನಕ್ಕೆ ಏಳು ಸಲ ಬೀಸಣಿಗೆ ನಿಲ್ಲುತ್ತದೆ, ಕಂಬ ನಿಲ್ಲುತ್ತದೆ, ಶಾವಿಗೆ ಅಲುಗದೆ ಇಳಿಬಿದ್ದಿರುತ್ತದೆ. ಇದನ್ನು ನಿಲುಗಾಳಿ ಎನ್ನುತ್ತೇವೆ. ಆ ದಿನ ಯಾರ ಶಾವಿಗೆ ಒಣಗುತ್ತಿದೆಯೋ ಆ ಸರದಿಯ ಮನೆಯವರು ಆ ಹೊತ್ತಿಗೆ ಒಳಗೆ ಬಂದು ಗಳಗಳ ಕೆಳಗೆ ಸುಮ್ಮನೆ ಕುಳಿತುಕೊಳ್ಳುತ್ತಾರೆ. ಯಾಕೆ ಕುಳಿತುಕೊಳ್ಳುತ್ತೀರಿ ಎಂದು ಕೇಳಿದರೆ ಹಿಂದಿನಿಂದ ಬಂದದ್ದು ಎನ್ನುತ್ತಾರೆ.

ನಾನು ಈ ಗಾಳಿಯನ್ನು ನೋಡಿಕೊಳ್ಳುವ ಗಾಳಿಕಾರನಾದ ಮೂರನೆಯ ವರ್ಷ ಕಂಬದ ಬೇರಿಂಗು ಮುರಿಯಿತು. ಹೊಸದನ್ನು ತರಿಸಿ ಕೂಡಿಸುವಷ್ಟರಲ್ಲಿ ತೆರಪಿನ ಹನ್ನೊಂದು ದಿನ ಹೋಗಿದ್ದವು. ಊರಲ್ಲಿ ನಲವತ್ತು ಮನೆ, ಮನೆಗೊಂದು ದಿನ, ಉಳಿದದ್ದು ಇಪ್ಪತ್ತೊಂಬತ್ತು ದಿನ. ನಾನು ನಿಮ್ಮ ನೋಟಬುಕ್ಕನ್ನು ತೆಗೆದು ನೋಡಿದೆ. ಖಾಲಿ ಸಾಲುಗಳಲ್ಲಿ ಹೆಚ್ಚಿನವು ಊಟವಾದ ಮೇಲಿನ ಹೊತ್ತಿನವು. ನನಗೆ ನಗು ಬಂತು. ನಿಂಬೆಜ್ಜಿ ತೂಕಡಿಸಿದ್ದಾಳೆ ಎಂದುಕೊಂಡೆ. ಗಾಳಿ ತಾನಾಗಿ ನಿಲ್ಲುತ್ತದೆ ಎಂಬುದು ನನ್ನ ತಲೆಗೇ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ನಾನು ಕಂಡ ಗಾಳಿಯೆಲ್ಲ ಮನುಷ್ಯರು ಬಿಟ್ಟರೆ ಬೀಸುವ, ಹಿಡಿದರೆ ನಿಲ್ಲುವ ಗಾಳಿ. ಹೊತ್ತಲ್ಲದ ಹೊತ್ತಿನಲ್ಲಿ ಗಾಳಿ ನಿಂತಿತೆಂದರೆ ಗಾಳಿಕಾರ ಮಲಗಿದ್ದಾನೆ ಎಂದೇ ನಮಗೆ ಅರ್ಥ. ನಿಮ್ಮ ನಿದ್ದೆಯನ್ನು ನಾವು ಇಷ್ಟು ವರ್ಷ ಕೈಕಟ್ಟಿ ಕುಳಿತು ಪೂಜಿಸಿದೆವಲ್ಲ ಎಂದು ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ. ಹುಣಸೆಮರದ ಕಟ್ಟಿಗೆಯಲ್ಲಿ ಏಳು ಗೂಟ ಕೆತ್ತಿ, ಹಲ್ಲಿಲ್ಲದ ಏಳು ಕಡೆಗೂ ಬಡಿದು ಕೂಡಿಸಿದೆ. ಈಗ ಗಾಳಿ ನಿಲ್ಲುವಂತಿರಲಿಲ್ಲ. ಎರಡು ದಿನಕ್ಕೆ ಮೂರು ಮನೆಯ ಶಾವಿಗೆ ಒಣಗತೊಡಗಿತು. ಯಾರಿಗೂ ಗೊತ್ತಾಗಬಾರದೆಂದು, ಹೊಸ ಬೇರಿಂಗು ಪಳಗುವವರೆಗೆ ಒಳಗೆ ಬರಬೇಡಿ ಎಂದು ಬಾಗಿಲು ಹಾಕಿದೆ. ಶಾವಿಗೆ ಹೊಳೆಹೊಳೆಯುತ್ತ ಹೊರಗೆ ಬಂತು. ಜನ ಹೊಗಳಿದರು, ನಾನು ಉಬ್ಬಿದೆ.

ಇಲ್ಲಿ ಫಕೀರವ್ವನ ವಿಷಯ ಹೇಳಬೇಕು. ಅವಳು ಊರಿನ ನಾದುವವಳು. ನಲವತ್ತು ಮನೆಯ ಹಿಟ್ಟೂ ಅವಳ ಅಂಗೈ ಕೆಳಗೇ ಹಾಯಬೇಕು. ನೀರು ಎಷ್ಟು ಹಿಡಿಯಬೇಕು, ಎಷ್ಟು ಹೊತ್ತು ಗುದ್ದಬೇಕು, ಒದ್ದೆಬಟ್ಟೆಯ ಕೆಳಗೆ ಎಷ್ಟು ಹೊತ್ತು ಬಿಡಬೇಕು ಎಂಬುದೆಲ್ಲ ಅವಳ ಕೈಗೆ ಗೊತ್ತು. ಅವಳು ನಾದುವ ಪಡಸಾಲೆ ಶಾವಿಗೆಮನೆಯ ಗೋಡೆಗೇ ಅಂಟಿಕೊಂಡಿದೆ. ಗೂಟ ಹಾಕಿದ ಒಂಬತ್ತನೆಯ ದಿನ, ಮಟಮಟ ಮಧ್ಯಾಹ್ನ, ಅವಳು ಹಿಟ್ಟಿನ ಕೈಯಲ್ಲೇ ಬಂದು ಬಾಗಿಲು ತಟ್ಟಿದಳು. ಒಳಗೆ ಬರಲಿಲ್ಲ, ಕೂಗಾಡಲಿಲ್ಲ. ಯಾರಿಗೂ ಕೇಳದ ಹಾಗೆ ಹೇಳಿದಳು: "ಮೈಲಾರಿ, ನನ್ನ ಡಬ್ಬ್ಯಾಗ ಶಾವಿಗಿ ಚಟ್ ಚಟ್ ಅನ್ನಾಕತ್ತೈತೋ ತಮ್ಮಾ. ಕಿವಿ ಹಚ್ಚಿ ಕೇಳೀನಿ. ಒಂಬತ್ತ ದಿನಾ ಆತು, ನಿನ್ನ ಗಾಳಿ ನಿಂತದ್ದ ನಾ ಗ್ವಾಡಿ ಆಚಿಂದ ಒಮ್ಮೆನೂ ಕೇಳಿಲ್ಲ. ಮ್ಯಾಲ ಮ್ಯಾಲ ಒಣಗಿಸಿದ್ರ ಒಳಗಿನ ಹಸಿ ಎಲ್ಲಿಗಿ ಹೋಗಬೇಕು? ಅದು ಹೊರಗ ಬರಾಕ ಒಂದೀಟ ಯಾಳೆ ಬೇಕಲ್ಲ. ಹಿಟ್ಟಿಗೂ ಬೇಕು, ಶಾವಿಗಿಗೂ ಬೇಕು."

ಅವಳು ಹೇಳಿದ್ದು ಸರಿ ಎಂದು ನನಗೆ ಆಗಲೇ ಗೊತ್ತಾಯಿತು. ನಿಂಬೆವ್ವನವರೇ, ಇದನ್ನು ನಾನು ಯಾರಿಗೂ ಹೇಳಿಲ್ಲ, ನನಗೆ ನಾನೂ ಬಹಳ ದಿನ ಹೇಳಿಕೊಂಡಿರಲಿಲ್ಲ. ಗಾಳಿ ನಿಂತಾಗಲೇ ಒಳಗಿನ ತೇವ ಮೇಲಕ್ಕೆ ಬರುತ್ತದೆ, ಮತ್ತೆ ಬೀಸುವ ಗಾಳಿ ಅದನ್ನು ಒಯ್ಯುತ್ತದೆ. ನಿಲ್ಲದೆ ಬೀಸಿದರೆ ಮೇಲಿನ ಪದರ ಮೊದಲು ಗಟ್ಟಿಯಾಗಿ, ಒಳಗಿನ ತೇವಕ್ಕೆ ದಾರಿ ಇಲ್ಲದೆ, ಎರಡು ಮೂರು ದಿನದ ಮೇಲೆ ಎಳೆ ತಾನಾಗಿ ಸೀಳುತ್ತದೆ. ಆಗ ಹದಿಮೂರು ಮನೆಯ ಶಾವಿಗೆ ಹೋಗಿತ್ತು. ಇಪ್ಪತ್ತೇಳು ಮನೆಯದು ಬಾಕಿ ಇತ್ತು. ಏಳು ಗೂಟ ಕೀಳಲು ಅರ್ಧ ಗಳಿಗೆ ಸಾಕಾಗಿತ್ತು. ಕಿತ್ತರೆ ಮತ್ತೆ ಮನೆಗೊಂದು ದಿನವಾಗುತ್ತದೆ, ಯಾಕೆ ಎಂದು ಜನ ಕೇಳುತ್ತಾರೆ, ಬಾಗಿಲು ಹಾಕಿದ್ದು ಯಾಕೆ ಎಂದೂ ಕೇಳುತ್ತಾರೆ. ನಾನು ಅವಳಿಗೆ, "ನಿನ್ನ ಕಿವಿಗಿ ವಯಸ್ಸಾತು ಯಕ್ಕಾ" ಎಂದು ನಕ್ಕು ಬಾಗಿಲು ಮುಂದೆ ಮಾಡಿದೆ. ಇಪ್ಪತ್ತೇಳು ಮನೆಯ ಊಟವನ್ನು ನಾನು ತಿಳಿದೂ ತಿಳಿದೂ ಕೆಡಿಸಿದೆ.

ಮೊಬ್ಬು ಕವಿದ ಮೊದಲ ದಿನ ಮನೆಮನೆಯಲ್ಲಿ ಮೇಣ ಒಡೆದರು. ಡಬ್ಬಿಯಲ್ಲಿ ಶಾವಿಗೆ ಇರಲಿಲ್ಲ, ನುಚ್ಚು ಇತ್ತು. ನುಚ್ಚಾದರೂ ಊಟವೇ ಎಂದು ಸಮಾಧಾನ ಮಾಡಿಕೊಂಡರು. ಆದರೆ ಒಳಗೆ ಉಳಿದಿದ್ದ ತೇವ ಬೂಷ್ಟು ಹಿಡಿಸಿತು. ಅರ್ಧಕ್ಕರ್ಧ ಕಹಿಯಾಗಿ ಕೆರೆಗೆ ಹೋಯಿತು. ಆ ಮೊಬ್ಬಿನ ಕೊನೆಯ ಅರವತ್ತು ದಿನ ಸಣ್ಣಕೊಪ್ಪ ದಿನಕ್ಕೆ ಒಂದೇ ಊಟ ಮಾಡಿತು. ನನ್ನ ಮಗಳು ಹೊನ್ನವ್ವನಿಗೆ ಆಗ ಎಂಟು ವರ್ಷ. ಊಟದ ಹೊತ್ತಿಗೆ ಮೊದಲೇ ಹೋಗಿ ಒಲೆಯ ಮುಂದೆ ಕುಳಿತು, ಗಂಜಿ ಕುದಿಯುವುದನ್ನು ನೋಡುತ್ತಿದ್ದಳು. ನಾನು ಅವಳ ಮುಖ ನೋಡುತ್ತಿರಲಿಲ್ಲ.

ಊರಿನ ಕಟ್ಟೆಯ ಮೇಲೆ ಎಲ್ಲರೂ ಸೇರಿದರು. ಶಾವಿಗೆ ಯಾಕೆ ಹೀಗಾಯಿತು ಎಂಬ ಪ್ರಶ್ನೆ ಬಂತು. ಫಕೀರವ್ವ ಎದ್ದು ನಿಂತು, "ಗಾಳಿ ನಿಂತಿಲ್ರಿ" ಎಂದಳು. ಅಷ್ಟೇ ಹೇಳಿದಳು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು, "ನಿಂತಿತ್ತು" ಎಂದೆ. ಒಂದೇ ಒಂದು ಮಾತು. ಆಮೇಲೆ ಅದಕ್ಕೆ ಆಸರೆಯಾಗಲಿ ಎಂದು ಒಂದು ಎಳೆಯನ್ನು ಮುರಿದು ತೋರಿಸಿ, "ನಾದೂದು ಕಡಿಮಿ ಆಗೈತ್ರಿ, ಹಿಟ್ಟ ಹದಕ್ಕ ಬಂದಿಲ್ಲ" ಎಂದೂ ಹೇಳಿದೆ. ನಿಂಬೆಜ್ಜಿಯ ಗಾಳಿ ತಪ್ಪುವುದುಂಟೇ? ನೂರು ವರ್ಷದಿಂದ ತಪ್ಪಿರಲಿಲ್ಲ. ತಪ್ಪುವುದೇನಿದ್ದರೂ ಮನುಷ್ಯರ ಕೈ. ಫಕೀರವ್ವ ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ಅವುಗಳನ್ನು ನೋಡಿಕೊಂಡಳು. ಅಂದಿನಿಂದ ಬೇರೆಯವರ ಹಿಟ್ಟನ್ನು ಅವಳು ಮುಟ್ಟಕೂಡದೆಂದಾಯಿತು.

ಇದಕ್ಕಿಂತ ಕೆಟ್ಟದ್ದು ಮರುವರ್ಷ ನಡೆಯಿತು. ತೆರಪು ಬರುವ ಮೊದಲೇ ನಾನು ಒಬ್ಬನೇ ಹೋಗಿ ಏಳು ಗೂಟಗಳನ್ನೂ ಕಿತ್ತೆ. ಬಾಗಿಲು ತೆರೆದೆ. ಹೊಸ ಕೈ ನಾದಿದ ಹಿಟ್ಟು, ನಿಮ್ಮ ಸರಿಯಾದ ಗಾಳಿ; ಶಾವಿಗೆ ಒಂದು ಎಳೆಯೂ ಮುರಿಯದೆ ಬಂತು. ನೋಡಿದಿರಾ, ನಾದುವವಳದೇ ತಪ್ಪು ಎಂದು ಊರೆಲ್ಲ ಹೇಳಿತು. ನಾನು ತಪ್ಪನ್ನು ತಿದ್ದಿದೆ, ತಿದ್ದಿದ್ದರಿಂದಲೇ ಅವಳ ಮೇಲಿನ ಅಪವಾದ ಗಟ್ಟಿಯಾಯಿತು. ಗೂಟಗಳನ್ನು ಒಲೆಗೆ ಹಾಕಬಹುದಿತ್ತು. ಯಾಕೋ ಹಾಕಲಿಲ್ಲ, ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟೆ.

ಏಳು ವರ್ಷದ ಹಿಂದೆ ಕಂಬಕ್ಕೆ ಎಣ್ಣೆ ತರಲು ಮೇಲ್ಸೀಮೆಗೆ ಹೋಗಿದ್ದೆ. ಅಲ್ಲಿನ ಗುಡ್ಡದ ಮೇಲೆ ನಾನು ಮೊಟ್ಟಮೊದಲ ಬಾರಿಗೆ ಯಾರೂ ಬಿಡದ ಗಾಳಿಯನ್ನು ಕಂಡೆ. ಹುಲ್ಲು ಒಂದೇ ಕಡೆ ಬಾಗಿತ್ತು. ಸ್ವಲ್ಪ ಹೊತ್ತಿಗೆ ನೆಟ್ಟಗಾಯಿತು. ಯಾರೂ ಏನೂ ಹಿಡಿಯಲಿಲ್ಲ, ಗಾಳಿ ತಾನೇ ನಿಂತಿತು. ಮತ್ತೆ ತಾನೇ ಬಂತು. ನಾನು ಅಲ್ಲೇ ಕುಳಿತುಬಿಟ್ಟೆ. ನೀವು ತೂಕಡಿಸಿರಲಿಲ್ಲ. ಕಾಲು ನೋಯುತ್ತಿದ್ದರೂ ಎಚ್ಚರವಾಗಿದ್ದು, ಗಂಟೆ ನೋಡಿ ಬರೆದು, ಬರೆಯಲು ಬೇರೇನೂ ಇಲ್ಲದ್ದರಿಂದ ಸಾಲನ್ನು ಹಾಗೇ ಬಿಟ್ಟಿದ್ದಿರಿ. ನಿಮ್ಮನ್ನು ಸೋಮಾರಿ ಎಂದು ನಕ್ಕ ನಾನು ಆ ಗುಡ್ಡದ ಮೇಲೆ ತಲೆ ತಗ್ಗಿಸಿ ಅತ್ತೆ. ಅತ್ತು, ಮುಖ ಒರೆಸಿಕೊಂಡು, ಊರಿಗೆ ಬಂದು, ಮತ್ತೆ ಸುಮ್ಮನಿದ್ದೆ.

ಫಕೀರವ್ವ ತನ್ನ ಒಬ್ಬಳ ಪಾಲಿನ ಹಿಟ್ಟನ್ನು ತಾನೇ ನಾದಿಕೊಂಡು, ವರ್ಷಕ್ಕೊಮ್ಮೆ ಎಲ್ಲರ ಸರದಿ ಮುಗಿದ ಮೇಲೆ ಬರುತ್ತಾಳೆ. ಒಂದೇ ಗಳ ಅವಳದು. ಎಳೆಗಳನ್ನು ಇಳಿಬಿಟ್ಟು, ಹೊರಡುವ ಮುಂಚೆ ಪ್ರತಿ ವರ್ಷ ಒಂದೇ ಮಾತು ಕೇಳುತ್ತಾಳೆ: "ಈ ಸಲ ಗಾಳಿ ನಿಂದರಸ್ತೀಯೇನಪಾ?" ನಾನು, "ಹೂಂ ಯಕ್ಕಾ" ಎನ್ನುತ್ತೇನೆ. ಅವಳ ಮಾತಿನಲ್ಲಿ ಸಿಟ್ಟಿಲ್ಲ, ಚುಚ್ಚುವ ಧ್ವನಿಯೂ ಇಲ್ಲ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಈ ವರ್ಷ ಹೊನ್ನವ್ವ ನಾದುವುದನ್ನು ಕಲಿಯುತ್ತಿದ್ದಾಳೆ. ಮೊನ್ನೆ ಮನೆಯಲ್ಲಿ ಹಿಟ್ಟು ಕಲಸುತ್ತಿದ್ದವಳು, ಹದ ತಪ್ಪಿತೆಂದು ಮುಖ ಸಿಂಡರಿಸಿ, "ಥೂ, ಫಕೀರವ್ವನ ಹಿಟ್ಟ ಆತಿದು" ಎಂದಳು. ಕೆಟ್ಟ ಹಿಟ್ಟಿಗೆ ಊರಲ್ಲಿ ಈಗ ಅದೇ ಹೆಸರಂತೆ. ಎಲ್ಲರೂ ಹಾಗೇ ಅನ್ನುತ್ತಾರಂತೆ. ಅವಳಿಗೆ ಆ ಹೆಸರಿನ ಹಿಂದೆ ಒಬ್ಬ ಹೆಂಗಸಿದ್ದಾಳೆ ಎಂಬುದರ ಮೇಲೆ ಗಮನವೇ ಇರಲಿಲ್ಲ. ನಿಮ್ಮ ಬೆರಳು ನಮ್ಮ ಅಳತೆಯಾಗಿ ಉಳಿಯಿತು. ಫಕೀರವ್ವನ ಹೆಸರು ಬೈಗುಳವಾಗಿ ಉಳಿಯಲಿದೆ, ನನ್ನಿಂದ. ಇನ್ನು ನೂರು ವರ್ಷದ ಮೇಲೆ ಯಾರೋ ಒಬ್ಬಳು ಹಿಟ್ಟನ್ನು ಆಚೆ ತಳ್ಳುತ್ತ ಅದನ್ನೇ ಹೇಳುತ್ತಾಳೆ.

ನಿಮ್ಮಲ್ಲಿ ಒಂದು ಕೋರಿಕೆ ಇಡಬೇಕೆಂದು ಕಾಗದ ಶುರು ಮಾಡಿದ್ದೆ. ಆ ಏಳು ಖಾಲಿ ಸಾಲುಗಳಲ್ಲಿ 'ಗಾಳಿ ನಿಂತಿದೆ, ನಾನು ಎಚ್ಚರವಾಗಿದ್ದೇನೆ' ಎಂದು ಬರೆದಿಡಿ ಎಂದು ಕೇಳುವವನಿದ್ದೆ. ಇಲ್ಲಿಯವರೆಗೆ ಬರೆದ ಮೇಲೆ ಕೇಳಲು ನಾಚಿಕೆಯಾಗುತ್ತಿದೆ. ನೀವು ಬರೆಯದೆ ಬಿಟ್ಟದ್ದನ್ನು ಫಕೀರವ್ವ ಬಾಗಿಲಿಗೆ ಬಂದು ಬಾಯಿಬಿಟ್ಟು ಹೇಳಿದ್ದಳು. ಕೇಳಿಸಿಕೊಂಡವನು ನಾನೇ. ನೋಟಬುಕ್ಕಿನದೇನೂ ತಪ್ಪಿಲ್ಲ. ನೀವು ಏನನ್ನೂ ತಿದ್ದಬೇಡಿ.

ಕೊನೆಗೆ ನಮ್ಮ ಇನ್ನೊಂದು ಪದ್ಧತಿ ಹೇಳುತ್ತೇನೆ. ಈ ತೇವದಲ್ಲಿ ಶಾಯಿ ಒಣಗುವುದಿಲ್ಲ. ಬರೆದ ಕಾಗದವನ್ನು ಮಡಚುವಂತಿಲ್ಲ. ಶಾವಿಗೆಮನೆಗೆ ತಂದು ಗಳಕ್ಕೆ ತೂಗುಹಾಕಿ ಒಂದು ದಿನ ಬಿಡಬೇಕು. ಗಳದ ಮೇಲಿನ ಕಾಗದವನ್ನು ಯಾರು ಬೇಕಾದರೂ ಓದಬಹುದು. ಅದಕ್ಕೇ ಸಣ್ಣಕೊಪ್ಪದಲ್ಲಿ ಗುಟ್ಟು ಇರುವವರು ಕಾಗದ ಬರೆಯುವುದಿಲ್ಲ. ನಾನು ಹನ್ನೊಂದು ವರ್ಷ ಬರೆಯದಿದ್ದದ್ದೂ ಅದಕ್ಕೇ. ನಿಮಗೆ ಬರೆಯುವುದು ಸುಲಭ, ನೀವು ತಿರುಗಿ ಬೈಯುವವರಲ್ಲ. ಒಣಹಾಕುವುದು ಕಷ್ಟ.

ನಾಳೆ ಫಕೀರವ್ವನ ಸರದಿ. ಈ ಸಲ ಅವಳನ್ನು ಕೊನೆಗೆ ಬಿಡದೆ, ಮೂವತ್ತೊಂಬತ್ತನೆಯ ದಿನಕ್ಕೆ ಅವಳ ಹೆಸರನ್ನು ನಾನೇ ಹಲಗೆಯ ಮೇಲೆ ಬರೆದಿದ್ದೇನೆ. ಉಳಿದ ಗಳಗಳಿಗೆ ನಮ್ಮ ಮನೆಯ ಶಾವಿಗೆ. ಹೊನ್ನವ್ವನೂ ಬರುತ್ತಾಳೆ. ಈ ಕಾಗದವನ್ನು ಬಾಗಿಲ ಬಳಿಯ ಮೊದಲ ಗಳಕ್ಕೆ, ಅಕ್ಷರ ಹೊರಗೆ ಕಾಣುವಂತೆ ಕಟ್ಟುತ್ತೇನೆ. ಪಕ್ಕದಲ್ಲಿ ದಾರ ಪೋಣಿಸಿ ಏಳು ಗೂಟಗಳನ್ನೂ ಕಟ್ಟುತ್ತೇನೆ. ಬೆಳಿಗ್ಗೆ ಎರಡು ಬೆರಳು ಗಾಳಿ ಬೀಸುವಾಗ ಕಾಗದ ಪಟಪಟ ಹಾರಾಡುತ್ತದೆ, ಯಾರಿಗೂ ಒಂದು ಸಾಲೂ ಓದಲು ಬರುವುದಿಲ್ಲ. ಆಮೇಲೆ ನೀವು ಬಿಟ್ಟ ಮೊದಲ ಖಾಲಿ ಸಾಲು ಬರುತ್ತದೆ. ಬೀಸಣಿಗೆ ನಿಲ್ಲುತ್ತದೆ, ಕಂಬ ನಿಲ್ಲುತ್ತದೆ. ಸರದಿಯವರು ಒಳಗೆ ಬಂದು ಗಳದ ಕೆಳಗೆ ಕುಳಿತುಕೊಳ್ಳುತ್ತಾರೆ. ಕಾಗದ ಅಲುಗದೆ ನಿಲ್ಲುತ್ತದೆ. ಫಕೀರವ್ವನಿಗೆ ಈಗಲೂ ಕನ್ನಡಕ ಬೇಕಿಲ್ಲ.

ನಾನು ಹೊರಗೆ ಹೋಗುವುದಿಲ್ಲ. ಅವಳ ಎದುರಿಗೇ ಕುಳಿತಿರುತ್ತೇನೆ.

ನಿಮ್ಮ ಗಾಳಿಯನ್ನು ಕಾಯುತ್ತಿದ್ದ
ಮೈಲಾರಪ್ಪ